ಹಗ್ಗದ ತುದಿಯ ಭಾರ

ಗಂಗೊಳ್ಳಿ ಕಡೆ ನಾಡದೋಣಿಯ ಎಂಜಿನ್ ಸೊರಗಿದರೆ ದೂರು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಬರುತ್ತದೆ: "ಎಂಜಿನ್ ಕೂಗತ್ತ್, ದೋಣಿ ಓಡುದಿಲ್ಲ ಮರಾಯ್ರೆ." ಈ ಮಾತು ಕಿವಿಗೆ ಬಿದ್ದರೆ ಊಟದ ಮಧ್ಯೆಯೂ ನನ್ನ ಮನಸ್ಸು ದಡಕ್ಕೆ ಓಡುತ್ತದೆ. ಇದು ನನ್ನ ಹೊಟ್ಟೆಪಾಡಲ್ಲ, ಬರೀ ಆಸೆ. ಪೂರ್ತಿ ನಿಂತುಹೋದ ಎಂಜಿನ್‌ಗಿಂತ ಅರೆಬಲದಲ್ಲಿ ಓಡುವ ಎಂಜಿನ್ ನನಗೆ ಹೆಚ್ಚು ಇಷ್ಟ. ನಿಂತದ್ದರಲ್ಲಿ ಸಾಮಾನ್ಯವಾಗಿ ಕಿಡಿ ಇರುವುದಿಲ್ಲ ಅಥವಾ ಎಣ್ಣೆ ಬರುತ್ತಿರುವುದಿಲ್ಲ, ಹುಡುಕಾಟ ಬೇಗ ಮುಗಿಯುತ್ತದೆ. ಬಲ ಸೋರುತ್ತಿರುವ ಎಂಜಿನ್‌ನಲ್ಲಿ ಸೋರುವ ಜಾಗ ಹತ್ತಾರು.

ಮೊದಲು ಸ್ಟಾಪ್ ಸ್ವಿಚ್ಚಿನ ಕ್ಲಿಪ್ ತೆಗೆದು ಹಗ್ಗವನ್ನು ನಿಧಾನವಾಗಿ ಎಳೆಯುತ್ತೇನೆ. ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಕೈಗೆ ಎರಡು ಬಾರಿ ತಡೆ ಸಿಗಬೇಕು. ಬಾವಿಯಲ್ಲಿ ತುಂಬಿದ ಕೊಡ ನೀರು ಬಿಟ್ಟು ಮೇಲೆದ್ದ ಕೂಡಲೇ ಸೇದುವವರ ತೋಳಿಗೆ ಒಂದು ಭಾರ ಬರುತ್ತದಲ್ಲ, ಅಂಥದೇ ಭಾರ. ಒಂದು ತಡೆ ಗಟ್ಟಿಯಾಗಿ, ಇನ್ನೊಂದು ಸಡಿಲವಾಗಿ ಸಿಕ್ಕರೆ ಅರ್ಧ ಕಥೆ ಅಲ್ಲೇ ತಿಳಿಯಿತು. ಉಳಿದರ್ಧಕ್ಕೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಗೇಜ್ ಬೇಕು.

ಗೇಜ್ ಹಾಕುವುದಕ್ಕೊಂದು ಕ್ರಮವಿದೆ, ಅದನ್ನು ಬಿಟ್ಟರೆ ಬರುವ ಅಂಕಿಗೆ ಅರ್ಥವಿಲ್ಲ. ಎಂಜಿನ್ ಸ್ವಲ್ಪ ಬಿಸಿಯಾಗಿರಬೇಕು. ಎರಡೂ ಪ್ಲಗ್ ಬಿಚ್ಚಿ, ಅವುಗಳ ವೈರುಗಳನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಡಬೇಕು, ಇಲ್ಲದಿದ್ದರೆ ಕಾಯಿಲ್ ಸುಟ್ಟೀತು. ಗಾಳಿ ತಡೆಯಿಲ್ಲದೆ ಒಳಗೆ ಬರಲು ಥ್ರಾಟಲ್ ಪೂರ್ತಿ ತೆರೆದಿರಬೇಕು. ಆಮೇಲೆ ಮುಳ್ಳು ಇನ್ನು ಏರುವುದಿಲ್ಲ ಎನ್ನುವವರೆಗೆ ಹಗ್ಗವನ್ನು ಜೋರಾಗಿ ಎಳೆಯಬೇಕು. ಸಣ್ಣ ಪೆಟ್ರೋಲ್ ಎಂಜಿನ್ ಆದರೆ ಸಾಮಾನ್ಯವಾಗಿ 100 ಪಿಎಸ್‌ಐ ಆಚೀಚೆ ಬರುತ್ತದೆ. ನಮ್ಮ ದೋಣಿಗಳಲ್ಲಿ ಹೆಚ್ಚಾಗಿರುವುದು ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ಬದಲಿಸುವ ಎಂಜಿನ್. ಸೀಮೆಎಣ್ಣೆಯನ್ನು ಹೆಚ್ಚು ಒತ್ತಿದರೆ ಅದು ಹೊತ್ತಿಗೆ ಮೊದಲೇ ಹೊತ್ತಿ ಎಂಜಿನ್ ಬಡಿದುಕೊಳ್ಳುತ್ತದೆ, ಆದ್ದರಿಂದ ತಯಾರಕರೇ ಅದರ ಕಂಪ್ರೆಶನ್ ಕಡಿಮೆ ಇಟ್ಟಿರುತ್ತಾರೆ. ಪೆಟ್ರೋಲ್ ಎಂಜಿನ್ನಿನ ಅಂಕಿ ತಲೆಯಲ್ಲಿಟ್ಟುಕೊಂಡು ಇದನ್ನು ಅಳೆಯುವವರು ಒಳ್ಳೆಯ ಎಂಜಿನ್ನನ್ನೂ ಬಿಚ್ಚಿಹಾಕುತ್ತಾರೆ. ನಾನು ನೋಡುವುದು ಎರಡು ಸಿಲಿಂಡರುಗಳ ನಡುವಿನ ಅಂತರವನ್ನು. ಅದು ನೂರಕ್ಕೆ ಹದಿನೈದು ದಾಟಿದರೆ ಕಡಿಮೆ ಇರುವ ಕಡೆ ಏನೋ ಆಗಿದೆ.

ಏನಾಗಿದೆ ಎಂಬುದನ್ನು ಒಂದು ಸಣ್ಣ ಚಮಚ ಎಂಜಿನ್ ಆಯಿಲ್ ಹೇಳುತ್ತದೆ, ನನಗೆ ಈ ಪರೀಕ್ಷೆಯಷ್ಟು ಖುಷಿ ಕೊಡುವುದು ಇನ್ನೊಂದಿಲ್ಲ. ಪ್ಲಗ್ಗಿನ ತೂತಿನಿಂದ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಮುಳ್ಳು ಮೇಲೇರಿದರೆ, ಆಯಿಲ್ ತಾನೇ ಸಂದು ಮುಚ್ಚಿದೆ ಎಂದರ್ಥ, ಅಂದರೆ ಸವೆದದ್ದು ರಿಂಗ್ ಅಥವಾ ಸಿಲಿಂಡರಿನ ಗೋಡೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಪಿಸ್ಟನ್ ತಲೆಯಲ್ಲಿ ತೂತಾಗಿರಲೂಬಹುದು. ಅಕ್ಕಪಕ್ಕದ ಎರಡೂ ಸಿಲಿಂಡರ್ ಒಟ್ಟಿಗೆ ಇಳಿದಿದ್ದರೆ ನನ್ನ ಅನುಮಾನ ಅವುಗಳ ನಡುವಿನ ಗ್ಯಾಸ್ಕೆಟ್ ಮೇಲೆ. ಆಯಿಲ್ ಜಾಸ್ತಿ ಬಿಡಬಾರದು, ಅದು ಜಾಗ ತುಂಬಿ ಅಂಕಿಯನ್ನು ಸುಮ್ಮನೆ ಏರಿಸುತ್ತದೆ.

ಹಾಗಾದರೆ ಎರಡು ಕಡೆಯೂ ಅಂಕಿ ಚೆನ್ನಾಗಿದ್ದು ದೋಣಿ ಓಡದಿದ್ದರೆ? ಟೂ-ಸ್ಟ್ರೋಕಿನ ಸೊಗಸು ಇಲ್ಲೇ ಇದೆ. ಅದರಲ್ಲಿ ಒತ್ತಡ ಎರಡು ಕಡೆ ಹುಟ್ಟುತ್ತದೆ. ಪಿಸ್ಟನ್ ಮೇಲೇರುವಾಗ ತಲೆಯ ಮೇಲಿನ ಮಿಶ್ರಣವನ್ನು ಒತ್ತುತ್ತದೆ, ಅದೇ ಹೊತ್ತಿಗೆ ಕೆಳಗಿನ ಕ್ರ್ಯಾಂಕ್‌ಕೇಸ್ ರೀಡ್ ವಾಲ್ವಿನ ತೆಳು ಎಲೆಗಳ ಮೂಲಕ ಹೊಸ ಮಿಶ್ರಣವನ್ನು ಒಳಗೆಳೆಯುತ್ತದೆ. ಇಳಿಯುವಾಗ ಆ ಹೊಸ ಮಿಶ್ರಣವನ್ನು ಒತ್ತಿ, ಗೋಡೆಯ ಕಿಂಡಿಗಳಿಂದ ಮೇಲಕ್ಕೆ ನೂಕುತ್ತದೆ. ಗೇಜಿಗೆ ಕಾಣುವುದು ಮೇಲಿನ ಒತ್ತಡ ಮಾತ್ರ. ಕ್ರ್ಯಾಂಕ್ ಸೀಲ್ ಸವೆದೋ ರೀಡಿನ ಎಲೆ ಮುರಿದೋ ಕೆಳಗಿನದು ಸೋರಿದರೆ ಮುಳ್ಳು ತಪ್ಪಿಲ್ಲದೆ ನಿಲ್ಲುತ್ತದೆ, ಎಂಜಿನ್ ಮಾತ್ರ ಏದುಸಿರು ಬಿಡುತ್ತದೆ. ಕಾರ್ಬ್ಯುರೇಟರಿನ ಬಾಯಿಂದ ಇಂಧನ ಮಂಜಾಗಿ ಹಿಂದಕ್ಕೆ ಉಗುಳುತ್ತಿದ್ದರೆ ರೀಡ್ ಬಿಚ್ಚಿ ನೋಡಲೇಬೇಕು.

ಇದನ್ನೆಲ್ಲ ಬಿಚ್ಚುವ ಮೊದಲು ನೋಡಬೇಕಾದ ಸಣ್ಣಪುಟ್ಟವೂ ಇವೆ. ಟ್ಯಾಂಕಿನ ಮುಚ್ಚಳದ ಗಾಳಿತಿರುಪು ಮುಚ್ಚಿರಬಹುದು, ಜೆಟ್ಟಿನಲ್ಲಿ ಕಸ ಕೂತಿರಬಹುದು, ಪ್ರೊಪೆಲ್ಲರಿನ ಒಳಗಿನ ರಬ್ಬರ್ ಜಾರುತ್ತಿರಬಹುದು. ಎಂಜಿನ್ ಕೂಗಿ ದೋಣಿ ಕದಲದೆ ಇರುವುದು ಈ ಕೊನೆಯದರಲ್ಲೇ ಹೆಚ್ಚು. ಆದರೂ ಕಾರ್ಬ್ಯುರೇಟರ್ ಕಿಟ್, ಕಾಯಿಲ್ ಎಂದು ದುಡ್ಡು ಸುರಿಯುವ ಮೊದಲು ಗೇಜ್ ಹಾಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಒತ್ತಡವೇ ಇಲ್ಲದ ಸಿಲಿಂಡರಿಗೆ ಎಷ್ಟು ಒಳ್ಳೆಯ ಕಿಡಿ ಕೊಟ್ಟರೂ ಪ್ರಯೋಜನವಿಲ್ಲ.

ನಮ್ಮಲ್ಲಿ ಎಂಜಿನ್ನಿನ ಬಲ ಸೋರುವುದು ತಮಾಷೆಯ ಮಾತಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವಾಗ ಕಡಲಿಗೆ ಹೋಗುವುದು 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳು. ಮಳೆಗಾಲದ ಅಳಿವೆಯಲ್ಲಿ ತೆರೆ ಎದ್ದಾಗ ಅಷ್ಟೂ ಬಲ ಬೇಕು.

ಅಂಕಿ ಕಡಿಮೆ ಬಂದು ಹೆಡ್ ಬಿಚ್ಚಿದ ಮೇಲೆ ಪಿಸ್ಟನ್ ತಾನೇ ಮಾತಾಡುತ್ತದೆ. ಗೆರೆಗಳು ಹೊಗೆ ಹೋಗುವ ಕಿಂಡಿಯ ಬದಿಗೆ ಮಾತ್ರ ಇದ್ದರೆ ಬಿಸಿ ಹೆಚ್ಚಾಗಿರಬಹುದು, ಇಂಧನ ಸಾಲದೆ ಹೋಗಿರಬಹುದು. ಆಗ ನೀರಿನ ಪಂಪಿನ ರಬ್ಬರ್ ಇಂಪೆಲ್ಲರನ್ನೂ ಉಪ್ಪು ಕಟ್ಟಿದ ನೀರಿನ ದಾರಿಯನ್ನೂ ನೋಡದೆ ಹೊಸ ಪಿಸ್ಟನ್ ಹಾಕಬಾರದು, ಅದೂ ಸುಡುತ್ತದೆ. ಸುತ್ತಲೂ ಉಜ್ಜಿದ್ದರೆ ಆಯಿಲ್ ಸಾಲಲಿಲ್ಲ. ಒಂದು ಸಿಲಿಂಡರಿನ ಪಿಸ್ಟನ್ ತಲೆ ಮಾತ್ರ ತೊಳೆದಿಟ್ಟಷ್ಟು ಚೊಕ್ಕಟವಾಗಿದ್ದರೆ ಅಲ್ಲಿಗೆ ನೀರು ನುಗ್ಗುತ್ತಿದೆ. ಎಷ್ಟೋ ಬಾರಿ ರಿಂಗ್ ಸವೆದೇ ಇರುವುದಿಲ್ಲ, ಕಾರ್ಬನ್ ಕಟ್ಟಿ ಪಿಸ್ಟನ್ನಿನ ತೋಡಿನಲ್ಲಿ ಅಂಟಿಕೊಂಡಿರುತ್ತದೆ. ಅದನ್ನು ಮುರಿಯದೆ ಬಿಡಿಸಿ, ತೋಡು ಕೆರೆದು ಶುಚಿ ಮಾಡಿ, ಮತ್ತೆ ಸ್ಪ್ರಿಂಗಿನಂತೆ ಅರಳುವುದನ್ನು ನೋಡುವಾಗ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಹೊಸ ರಿಂಗ್ ಹಾಕುವಾಗ ಅದರ ಎರಡು ತುದಿಗಳ ನಡುವೆ ತೋಡಿನಲ್ಲಿರುವ ಪುಟ್ಟ ಪಿನ್ ಕೂರಬೇಕು. ರಿಂಗ್ ತಿರುಗಿ ಅದರ ತುದಿ ಕಿಂಡಿಗೆ ಸಿಕ್ಕದಂತೆ ತಡೆಯುವುದು ಅದೇ. ಮೊದಲ ಹತ್ತು ಗಂಟೆ ಸಾಮಾನ್ಯವಾಗಿ ಲೀಟರಿಗೆ 20ರ ಬದಲು 40 ಮಿಲಿಲೀಟರ್ ಆಯಿಲ್, ಥ್ರಾಟಲ್ ಪೂರ್ತಿ ತೆರೆಯಬಾರದು. ಹೊಗೆ ಹೆಚ್ಚಾದೀತು, ಇರಲಿ. ಅದು ಮುಗಿದ ಮೇಲೆ ಇನ್ನೊಮ್ಮೆ ಗೇಜ್ ಹಾಕಿ, ಎರಡೂ ಅಂಕಿಗಳನ್ನು ತಾರೀಕಿನೊಂದಿಗೆ ಎಂಜಿನ್ ಕವರಿನ ಒಳಬದಿಗೆ ಬರೆದಿಡುತ್ತೇನೆ. ಮುಂದಿನ ಮಳೆಗಾಲದಲ್ಲಿ ಬಿಚ್ಚುವವರು ಯಾರಾದರೂ ಆಗಲಿ, ಹೋಲಿಸಿ ನೋಡಲು ಅವರಿಗೆ ಅದು ಬೇಕು.