ಕನ್ನಡಿಯೊಳಗಿಂದ ಬಂದವನು

ಸಿನಿಮಾ ತೆಗೆಯಬೇಕೆಂಬ ಹಂಬಲವುಳ್ಳವರು ನಮ್ಮ ಕಾಲೇಜಿನಲ್ಲಿ ಬೆಂಚಿಗೊಬ್ಬರಾದರೂ ಸಿಕ್ಕಾರು. ಒಬ್ಬನಿಗೆ ಮದಕರಿ ನಾಯಕನ ಚರಿತ್ರೆ ಬೇಕು. ಇನ್ನೊಬ್ಬನಿಗೆ ತನ್ನ ಪ್ರೇಮಕಥೆಯೇ ಸಾಕು. ನನಗೆ ಬೇಕಾದದ್ದು ಒಂದು ವಿಡಿಯೋ ಗೇಮ್! ಹೀಗೆಂದ ಕೂಡಲೆ ಮಿತ್ರರು ನಗುತ್ತಾರೆ. ಕಾದಂಬರಿಯಿಂದ ಚಿತ್ರವಾಗಬಹುದು, ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ತೆಗೆದದ್ದು ನಮ್ಮ ಚಿತ್ರದುರ್ಗದ ಕಲ್ಲುಗಳಿಗೂ ಗೊತ್ತು. ಗುಂಡಿ ಒತ್ತುವ ಆಟದಲ್ಲಿ ಎಂಥ ಕಥೆಯಯ್ಯಾ ಎಂಬುದು ಅವರ ಆಕ್ಷೇಪ.

ಆಟದ ಹೆಸರು ‘ಪ್ರಿನ್ಸ್ ಆಫ್ ಪರ್ಷಿಯಾ’. ಅದು ಹೊರಬಂದದ್ದು 1989ರಲ್ಲಿ, ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು. ನಮ್ಮ ತಾಯಿ ಕಸ ಗುಡಿಸುತ್ತಿದ್ದ ಡಿ.ಟಿ.ಪಿ. ಅಂಗಡಿಯ ಮೂಲೆಯಲ್ಲಿ ಯಾರಿಗೂ ಬೇಡವಾದ ಹಳೆಯ ಕಂಪ್ಯೂಟರೊಂದಿತ್ತು. ಬಾಗಿಲು ಹಾಕುವ ಮುಂಚಿನ ಅರ್ಧ ಗಂಟೆ ಅದನ್ನು ಮುಟ್ಟಲು ನನಗೂ ತಮ್ಮನಿಗೂ ಮಾಲೀಕರ ಅಪ್ಪಣೆಯಿತ್ತು. ದುಷ್ಟಮಂತ್ರಿ ಜಾಫರನಿಂದ ರಾಜಕುಮಾರಿಯನ್ನು ಬಿಡಿಸಲು ಕಥಾನಾಯಕನಿಗಿರುವ ಅವಧಿ 60 ನಿಮಿಷ, ನಮಗಿದ್ದದ್ದು 30! ಆಟವನ್ನು ಅರ್ಧಕ್ಕೆ ಕಾಪಿಟ್ಟು ಮರುದಿನ ಮುಂದುವರಿಸುವ ಉಪಾಯವನ್ನು ಕಂಡುಹಿಡಿದವನು ತಮ್ಮನೇ.

ಇದನ್ನು ರಚಿಸಿದ ಅಮೆರಿಕದ ಜೋರ್ಡನ್ ಮೆಕ್ನರ್ ಎಂಬಾತನಿಗೂ ಸಿನಿಮಾದ ಹುಚ್ಚು ಇತ್ತು. 1985ರಲ್ಲಿ ಆತ ತನ್ನ ತಮ್ಮ ಡೇವಿಡ್‌ನಿಗೆ ಬಿಳಿಯ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ ವಿಡಿಯೋದಲ್ಲಿ ಹಿಡಿದ. ಬಳಿಕ ಒಂದೊಂದೇ ಚಿತ್ರವನ್ನು ತೀಡಿ ರಾಜಕುಮಾರನ ನಡಿಗೆಯನ್ನು ಮಾಡಿದ. ಕತ್ತಿವರಸೆಯನ್ನು 1938ರ ‘ರಾಬಿನ್ ಹುಡ್’ ಚಿತ್ರದಿಂದ ಪಡೆದ. ಆಟ ಮೊದಲು ಬಂದದ್ದು ಆಪಲ್ ಟೂ ಯಂತ್ರದಲ್ಲಿ. ಅದರ ಪುಟ್ಟ ನೆನಪಿನಲ್ಲಿ ಇನ್ನೊಬ್ಬ ವೈರಿಯ ಚಿತ್ರಗಳಿಗೆ ಎಡೆಯಿರಲಿಲ್ಲ. ಆದ್ದರಿಂದ ನಾಯಕನ ಚಿತ್ರಗಳನ್ನೇ ಮಾರ್ಪಡಿಸಿ ಅವನಿಗೊಂದು ನೆರಳನ್ನು ಸೃಷ್ಟಿಸಿದ. ಬಡತನದಿಂದ ಹುಟ್ಟಿದ ಈ ನೆರಳೇ ಆಟದ ಜೀವ ಎಂದು ನನ್ನ ಮತ.

ನಾಲ್ಕನೆಯ ಹಂತದ ಕೊನೆಗೆ ದಾರಿಗಡ್ಡವಾಗಿ ಕನ್ನಡಿಯೊಂದು ನಿಲ್ಲುತ್ತದೆ. ಓಡಿಬಂದು ಹಾರಿದರೆ ದಾಟಬಹುದು. ಆದರೆ ಪ್ರಾಣ ಒಂದು ಗುಟುಕಿಗೆ ಇಳಿಯುತ್ತದೆ, ಅದೇ ಕನ್ನಡಿಯಿಂದ ಅವನ ನೆರಳು ಹಾರಿ ಎದುರು ದಿಕ್ಕಿಗೆ ಓಡುತ್ತದೆ. ಮುಂದೆ ಅದು ಅವನಿಗೆ ಸಲ್ಲಬೇಕಾದ ಮದ್ದನ್ನು ಕುಡಿದುಬಿಡುತ್ತದೆ. ಹನ್ನೆರಡನೆಯ ಹಂತದಲ್ಲಿ ಇಬ್ಬರೂ ಕತ್ತಿ ಹಿಡಿದು ಎದುರಾಗುತ್ತಾರೆ. ನೆರಳಿಗೆ ಕೊಟ್ಟ ಪೆಟ್ಟು ತನಗೇ ತಗಲುತ್ತದೆ! ಎಷ್ಟು ಸಂಜೆ ನಾವು ಹೀಗೆ ಸತ್ತೆವೋ ಲೆಕ್ಕವಿಲ್ಲ. ಒಂದು ದಿನ ತಮ್ಮ ಕತ್ತಿಯನ್ನು ಒರೆಗೆ ಸೇರಿಸಿ ಸುಮ್ಮನೆ ಮುಂದೆ ನಡೆದ. ನೆರಳು ಬಂದು ಮೈಯಲ್ಲಿ ಬೆರೆಯಿತು. ಆಮೇಲೆ ಏನೂ ಇಲ್ಲದ ಕಂದಕದ ಮೇಲೆ ಓಡಿದರೆ ಕಾಲ ಕೆಳಗೆ ಕಲ್ಲುಗಳು ತಾವಾಗಿ ಮೂಡಿದವು.

2010ರಲ್ಲಿ ಹಾಲಿವುಡ್ಡಿನವರು ಇದೇ ಹೆಸರಿನ ಚಿತ್ರ ತೆಗೆದರು. ಅದಕ್ಕೆ ಆಧಾರ 2003ರ ಇನ್ನೊಂದು ಆಟ. ಕಾಲವನ್ನು ಹಿಂದಕ್ಕೊಯ್ಯುವ ಕಠಾರಿಯಿದೆ, ಮರಳಿದೆ, ವೈಭವವಿದೆ, ನನ್ನ ಕನ್ನಡಿಯಿಲ್ಲ.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಇಬ್ಬರ ಓದಿಗೆ ಸಾಲುವಷ್ಟು ಹಣ ಮನೆಯಲ್ಲಿರಲಿಲ್ಲವಾಗಿ ತಮ್ಮ ಹತ್ತನೆಯ ತರಗತಿಗೇ ಪುಸ್ತಕ ಕಟ್ಟಿಟ್ಟು ಟೈರು ಅಂಗಡಿ ಸೇರಿದ. ಕನ್ನಡಿಯ ದೃಶ್ಯ ನೆನೆದಾಗಲೆಲ್ಲ ನನಗೆ ಕಾಣುವುದು ಅವನ ಮುಖ. ಒಂದೇ ಜಿಗಿತಕ್ಕೆ ಒಬ್ಬ ಈ ಕಡೆ, ಒಬ್ಬ ಆ ಕಡೆ. ಯಾರ ಪಾಲಿನ ಮದ್ದನ್ನು ಯಾರು ಕುಡಿದರು ಎಂಬುದನ್ನು ಮಾತ್ರ ಆಟದಷ್ಟು ಸುಲಭವಾಗಿ ಹೇಳಲಾರೆ.

ಆಟದ ಹಕ್ಕನ್ನು ಕೊಳ್ಳುವ ಶಕ್ತಿ ನನಗಿಲ್ಲ; ಊರಿನ ಏಳು ಸುತ್ತಿನ ಕೋಟೆಯಲ್ಲಿ ಚಿತ್ರೀಕರಿಸಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಸದ್ಯಕ್ಕೆ ಮನೆಯವರಿಗಷ್ಟೇ ತೋರಿಸಲು, ಮೊಬೈಲಿನಲ್ಲಿ ಆ ಎರಡು ದೃಶ್ಯಗಳನ್ನು ತೆಗೆಯುತ್ತಿದ್ದೇನೆ. ಮನೆಯ ಹಿಂದಿನ ಬಯಲಿನಲ್ಲಿ ತಮ್ಮನನ್ನು ಓಡಿಸಿದ್ದಾಯಿತು. ಮೂರನೆಯ ಸಲ ಹಾರಿ ಬಂದವನು ಬೆವರೊರೆಸುತ್ತ ಕೇಳಿದ:

“ಅಣ್ಣಾ, ಇದ್ರಾಗೆ ನಾನ್ಯಾರು? ರಾಜಕುಮಾರನೋ, ನೆಳ್ಳೋ?”

“ಎರಡೂ ನೀನೇ ಕಣೋ” ಎಂದೆ.

“ಹಂಗಾರೆ ನೀನು?”

ಬರುವ ಭಾನುವಾರ ಅವನಿಗೆ ರಜೆಯಿದೆ. ಬೀರುವಿನ ಕನ್ನಡಿಯನ್ನು ಬಿಚ್ಚಲು ಅಮ್ಮ ಒಪ್ಪಿದ್ದಾಳೆ. ಒಡೆಯಕೂಡದು ಎಂಬುದೊಂದೇ ಷರತ್ತು.