ಠಸ್ಸೆ ತಪ್ಪಿದ ರೂಪಾಯಿ

ಸರ್ಕಾರ ತಪ್ಪು ಮಾಡಿದರೆ ದಂಡ ತೆರುವವರು ಸಾಮಾನ್ಯವಾಗಿ ನಾವು. ಕರೆಂಟ್ ಬಿಲ್ಲಿನಲ್ಲಿ ಒಂದು ಸೊನ್ನೆ ಹೆಚ್ಚಾಗಲಿ, ಪಹಣಿಯಲ್ಲಿ ಅಪ್ಪನ ಹೆಸರು ಅದಲುಬದಲಾಗಲಿ, ಚಪ್ಪಲಿ ಸವೆಸಿಕೊಂಡು ಓಡಾಡಬೇಕಾದವರು ನಾವೇ. ಅವರು ತಪ್ಪಿದರೆ ನಮಗೆ ಲಾಭ ಎನ್ನಬಹುದಾದ ಜಾಗ ನನಗೆ ತಿಳಿದಂತೆ ಒಂದೇ, ಟಂಕಸಾಲೆ. ಅಚ್ಚು ನೆಟ್ಟಗೆ ಬಿದ್ದ ರೂಪಾಯಿಗೆ ರೂಪಾಯಿಯಷ್ಟೇ ಬೆಲೆ. ಅದೇ ಅಚ್ಚು ಪಕ್ಕಕ್ಕೆ ಜಾರಿ, ಅರ್ಧ ಸಿಂಹ ಮೂಡಿ ಉಳಿದರ್ಧ ಬೋಳು ಬಿಲ್ಲೆಯಾಗಿ ನಿಂತಿತೋ, ಹೆಚ್ಚು ಹಣ ಕೊಟ್ಟು ಕೊಳ್ಳುವ ಪುಣ್ಯಾತ್ಮರಿದ್ದಾರೆ. ಚಿಲ್ಲರೆ ಡಬ್ಬಿ ಸುರುವಿಕೊಂಡು ಭೂತಗನ್ನಡಿ ಹಿಡಿದು ಕೂತವರ ಮುಖದಲ್ಲಿ ಅಷ್ಟೊಂದು ಕಳೆ ಬರುವುದು ಸುಮ್ಮನೆಯೇ?

ನಮ್ಮ ಮಾವ ಒಬ್ಬರಿಗೆ ನಿವೃತ್ತಿಯಾದ ಮೇಲೆ ಈ ಹುಚ್ಚು ಹತ್ತಿತು. (ಬೇರೆಯವರಿಗೆ ಸಕ್ಕರೆ ಕಾಯಿಲೆ ಹತ್ತುತ್ತದೆ, ಇದು ವಾಸಿ.) "ನೋಡೋ, ಮೂಗಿಲ್ಲದ ಸಿಂಹ! ಹಾಕೋದೇ ಮರೆತಿದಾರೆ" ಎಂದು ಒಂದು ಹಳೆಯ ಎಂಟಾಣೆ ತಂದು ತೋರಿಸಿದರು. ಮರೆತಿಲ್ಲ ಮಾವ, ಜನ ತಿಕ್ಕಿದ್ದಾರೆ. ನಾಣ್ಯದಲ್ಲಿ ಎಲ್ಲಕ್ಕಿಂತ ಎತ್ತರವಾಗಿರುವುದು ಮೊದಲು ಸವೆಯುತ್ತದೆ. ಅದು ಸಿಂಹದ ಮೂಗಾದರೂ ಆದೀತು, ರಾಜನ ಕೆನ್ನೆಯಾದರೂ ಆದೀತು. ನಿಜವಾಗಿಯೂ ಅಚ್ಚಿನ ದೋಷವಾದರೆ ಬೇರೆ ತರಹ. ಅಚ್ಚಿನ ಗುಳಿಯಲ್ಲಿ ಎಣ್ಣೆಜಿಡ್ಡೋ ಲೋಹದ ಪುಡಿಯೋ ಸೇರಿ ಗಟ್ಟಿಯಾಗಿರುತ್ತದೆ, ಆ ಒಂದು ಅಕ್ಷರ ಮಾತ್ರ ಮೂಡುವುದಿಲ್ಲ. ಪಕ್ಕದ ಅಕ್ಷರ ಹೊಸದರಂತೆ ಮಿಂಚುತ್ತಿರುತ್ತದೆ. ಸವೆತಕ್ಕೆ ಅಂಥ ಪಕ್ಷಪಾತ ಗೊತ್ತಿಲ್ಲ, ಒಂದನ್ನು ತಿಂದರೆ ನೆರೆಯದಕ್ಕೂ ಬಾಯಿ ಹಾಕುತ್ತದೆ.

ಗೆರೆಯದೂ ಹಾಗೆಯೇ. ಸಿಂಹದ ತಲೆಯಿಂದ ಅಂಚಿನವರೆಗೆ ಒಂದು ಗೆರೆ ಕಂಡರೆ ಉಗುರು ಎಳೆದು ನೋಡಿ. ಉಗುರು ಒಳಕ್ಕಿಳಿದರೆ ಅದು ಗೀರು. ಕೀಲಿಕೈಯ ಗೊಂಚಲೋ ಕಂಡಕ್ಟರನ ಚೀಲವೋ ಮಾಡಿದ ಕೆಲಸ. ಉಗುರು ಮೇಲಕ್ಕೆದ್ದು ತಡವರಿಸಿದರೆ ಎದ್ದು ಕೂತುಕೊಳ್ಳಿ. ಟಂಕಸಾಲೆಯ ಅಚ್ಚೇ ಬಿರುಕು ಬಿಟ್ಟಿದೆ, ಲೋಹ ಆ ಬಿರುಕಿನೊಳಕ್ಕೆ ಉಕ್ಕಿ ಉಬ್ಬುಗೆರೆಯಾಗಿದೆ. ಜನರ ಕೈಯಲ್ಲಿ ನಾಣ್ಯ ಕಳೆದುಕೊಳ್ಳುವುದೇ ಹೊರತು ಹೀಗೆ ಗಳಿಸುವುದು ಉಂಟೆ?

ಗಳಿಸುವುದು ಎಂದಾಗ ಹುಡುಗಾಟದ ರೈಲುಹಳಿ ನೆನಪಾಯಿತು. ಹಳಿಯ ಮೇಲೆ ಹತ್ತು ಪೈಸೆ ಇಟ್ಟು, ಗೂಡ್ಸ್ ಗಾಡಿ ಹೋದ ಮೇಲೆ ಅಪ್ಪಚ್ಚಿಯಾದದ್ದನ್ನು ಹುಡುಕುತ್ತಿದ್ದವರು ನಿಮ್ಮಲ್ಲೂ ಇದ್ದೀರಿ. 2011ರ ನಾಣ್ಯ ಕಾಯ್ದೆ ನಾಣ್ಯ ಹಾಳುಗೆಡವಬಾರದು ಎನ್ನುತ್ತದೆ, ಆದರೆ ಹತ್ತು ವರ್ಷದ ಹುಡುಗರು ಯಾವ ಕಾಯ್ದೆ ಓದಿಯಾರು? ಅಂಥ ಅಪ್ಪಚ್ಚಿಗಳನ್ನೇ ಈಗ ಕೆಲವರು ಟಂಕಸಾಲೆಯ ದೋಷವೆಂದು ಮಾರುತ್ತಾರೆ. ಅಚ್ಚಿನ ಸುತ್ತ ಇರಬೇಕಾದ ಬಳೆ ಇಲ್ಲದೆ ಒತ್ತಿದಾಗಲೂ ನಾಣ್ಯ ಅಗಲವಾಗುತ್ತದೆ, ನಿಜ. ಆದರೆ ಅಲ್ಲಿ ಚಿತ್ರ ಚೂಪಾಗಿಯೇ ಇರುತ್ತದೆ. ರೈಲಿನ ಚಕ್ರಕ್ಕೆ ಸಿಂಹದ ಮೇಲೆ ಅಷ್ಟು ದಯೆ ಎಲ್ಲಿಂದ ಬರಬೇಕು!

ನನಗೆ ತುಂಬ ಇಷ್ಟವಾದದ್ದು ಕಚ್ಚಿದ ನಾಣ್ಯ. ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪಟ್ಟಿ ಸರಿಯಾಗಿ ಮುಂದೆ ಸರಿಯದೆ, ಆಗಲೇ ಕತ್ತರಿಸಿದ ತೂತಿನ ಮೇಲೇ ಮತ್ತೆ ಕತ್ತರಿ ಬಿದ್ದರೆ ಬಿಲ್ಲೆಯ ಒಂದು ಪಕ್ಕ ಚಂದ್ರಾಕಾರವಾಗಿ ಹಾರಿಹೋಗುತ್ತದೆ. ಇದನ್ನು ಗ್ಯಾರೇಜಿನಲ್ಲೂ ಮಾಡಬಹುದಲ್ಲ ಅನ್ನುತ್ತೀರಿ. ಮಾಡುತ್ತಾರೆ ಕೂಡ. ಆದರೆ ಬಿಲ್ಲೆಯ ಅಂಚು ಎತ್ತರಿಸುವಾಗ ಆ ಕಚ್ಚಿನ ಕಡೆ ಒತ್ತಡ ಬೀಳದ್ದರಿಂದ ಅದಕ್ಕೆ ನೇರ ಎದುರಿನ ಅಂಚು ಕೂಡ ಸಾಮಾನ್ಯವಾಗಿ ಮಂಕಾಗಿಬಿಡುತ್ತದೆ. ಗ್ಯಾರೇಜಿನ ಕಳ್ಳ ಈಚೆ ಕಡೆ ಅಂದವಾಗಿ ಉಜ್ಜಿ ಆಚೆ ಕಡೆ ಮರೆಯುತ್ತಾನೆ.

ಸಂಗ್ರಾಹಕರು 'ಲಾಖಿ' ಅಂತ ಒಂದಕ್ಕೆ ಪ್ರಾಣ ಬಿಡುತ್ತಾರೆ. ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡು ಕೆಳಗಿಳಿಯದೆ, ಮುಂದಿನ ಬಿಲ್ಲೆಯನ್ನು ತಾನೇ ಒತ್ತುತ್ತದೆ. ಆ ಬಿಲ್ಲೆಯ ಒಂದು ಮುಖ ಸರಿ, ಇನ್ನೊಂದು ಮುಖದಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ, ಅದೂ ಗುಳಿಯಾಗಿ. ಎರಡು ನಾಣ್ಯ ಜೋಡಿಸಿ ವೈಸಿನಲ್ಲಿ ಹಿಂಡಿ ಲಾಖಿ ಮಾಡುವ ಜಾಣರೂ ಇದ್ದಾರೆ. ಅವರ ನಾಣ್ಯ ತಿರುಗಿಸಿ ನೋಡಿ, ಹಿಂದಿನ ಚಿತ್ರ ಹಿಂಡಿದ್ದಕ್ಕೆ ಚಪ್ಪಟೆಯಾಗಿರುತ್ತದೆ.

ಇದೆಲ್ಲ ಯಂತ್ರ ಬಂದ ಮೇಲಿನ ಮಾತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಆನೆಕಾಸು ಒತ್ತುತ್ತಿದ್ದವರು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಒಂದರಲ್ಲಿ ಆನೆಯ ಬಾಲ ಆಚೆ, ಇನ್ನೊಂದರಲ್ಲಿ ಸೊಂಡಿಲು ಆಚೆ. ಅದನ್ನು ದೋಷ ಅಂದರೆ ಆ ಕಾಲದ ಟಂಕಸಾಲೆಯನ್ನೇ ದೋಷ ಅನ್ನಬೇಕು. ಅದರ ಮೇಲೆ ಟಿಪ್ಪುವಿನದೇ ಎಣಿಕೆಯ ಮೌಲೂದಿ ಇಸವಿ ಬೇರೆ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ್ದರಿಂದ 1215 ನಮ್ಮ ಕಣ್ಣಿಗೆ 5121 ಆಗಿ ಕಾಣುತ್ತದೆ. ಮೂರು ಸಾವಿರ ವರ್ಷ ಮುಂದಿನ ನಾಣ್ಯ ಸಿಕ್ಕಿತೆಂದು ಕುಣಿಯಬೇಡಿ, ಅದು ಸುಲ್ತಾನರ ಅಪ್ಪಣೆ.

ಈಗಿನದರಲ್ಲೂ ಅಪ್ಪಣೆಯನ್ನು ತಪ್ಪೆಂದುಕೊಳ್ಳುವವರು ಕಡಿಮೆಯಿಲ್ಲ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೊಯ್ಡಾ. ಕೋಲ್ಕತ್ತದವರು ಏನೂ ಹಾಕುವುದಿಲ್ಲ, ಹಿರಿಯರ ಮನೆ, ಅವರಿಗೇಕೆ ಗುರುತು? ಹಾಗಾಗಿ ಗುರುತಿಲ್ಲದ ರೂಪಾಯಿಯನ್ನು ಹತ್ತಿಯಲ್ಲಿ ಸುತ್ತಿಟ್ಟವರು ಬಿಚ್ಚಿ ಖರ್ಚು ಮಾಡಬಹುದು.

ಹತ್ತು ರೂಪಾಯಿ ನಾಣ್ಯದ ಕಥೆ ಇದಕ್ಕೆ ತಿರುಗಾಮುರುಗಾ. ಅಲ್ಲಿ ತಪ್ಪೇ ಇಲ್ಲ, ಆದರೂ ಯಾರೂ ಮುಟ್ಟುವುದಿಲ್ಲ. ರೂಪಾಯಿ ಚಿಹ್ನೆ ಇರುವುದೂ ಇಲ್ಲದ್ದೂ, ಹದಿನಾಲ್ಕು ವಿನ್ಯಾಸಗಳೂ ಸಲ್ಲುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿತು. ಸಂತೆಯವರೆಗೆ ಆ ಮಾತು ಬಂದಂತಿಲ್ಲ. ಮೊನ್ನೆ ಸೊಪ್ಪಿನಾಕೆ ಮಾವನ ಹತ್ತರ ನಾಣ್ಯವನ್ನು ಬೆರಳ ತುದಿಯಲ್ಲಿ ಹಿಂದಕ್ಕೆ ತಳ್ಳಿ "ಇದು ನಡೆಯಲ್ಲ ಸ್ವಾಮಿ" ಅಂದಳು. ಮಾವ ಭೂತಗನ್ನಡಿ ತೆಗೆದು ಹೊರಗಿನ ಬಳೆ, ಒಳಗಿನ ಬಿಲ್ಲೆ, ಇಸವಿಯ ಕೆಳಗಿನ ಗುರುತು ಎಂದು ವಿವರಿಸತೊಡಗಿದರು. ಅವರು ನೊಯ್ಡಾ ತಲುಪುವಷ್ಟರಲ್ಲಿ ಆಕೆ ಕೊತ್ತಂಬರಿ ಕಟ್ಟನ್ನು ಪಕ್ಕದವರಿಗೆ ಮಾರಿಯಾಗಿತ್ತು.