ಸಾಲುಮನೆಯ ಜಗಲಿ

"ಹಂಗಳದ ಮೇಷ್ಟ್ರಿಗೆ ಚಿನ್ನದ ಗಣಿಯ ನಂಟು ಎಲ್ಲಿಂದ ಬಂತು?" ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳುವುದುಂಟು. ಮಳೆ ಕೈಕೊಟ್ಟ ಒಂದು ವರ್ಷ ನನ್ನ ತಂದೆಯವರು ಹೊಲವನ್ನು ದಾಯಾದಿಗಳಿಗೆ ವಹಿಸಿ ಕೋಲಾರದ ಗಣಿಗೆ ಹೋದವರು. ನಾನು ಬೆಳೆದದ್ದು ಚಾಂಪಿಯನ್ ರೀಫ್‌ನ ಕಾರ್ಮಿಕರ ಸಾಲುಮನೆಯಲ್ಲಿ.

ಸುತ್ತಲೂ ತಮಿಳು, ತೆಲುಗು. ಮನೆಯೊಳಗೆ ಮಾತ್ರ ನಮ್ಮ ಸೀಮೆಯ ಕನ್ನಡ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಆ ಗಣಿಯನ್ನು ತಲುಪಿತ್ತು. ರಜೆಗೆ ಊರಿಗೆ ಬಂದಾಗ ಅಜ್ಜಿ ಬುಡ್ಡಿ ಹಚ್ಚುವುದನ್ನು ಕಂಡು, "ನಮ್ಮ ಕಾವೇರಿ ಬೆಳಕು ನಮಗೇ ಇಲ್ವಲ್ಲ" ಎನ್ನುತ್ತಿದ್ದಳು ಅವ್ವ.

ಗಾಳಿ ಬೀಸಿದರೆ ಸೈನೈಡ್ ದಿಬ್ಬಗಳ ಧೂಳು ಅನ್ನದ ತಟ್ಟೆಯವರೆಗೂ ಬರುತ್ತಿತ್ತು. ನೆಲದಾಳದಲ್ಲಿ ಬಂಡೆ ಸಿಡಿದರೆ ಅಟ್ಟದ ಪಾತ್ರೆಗಳು ನಡುಗುತ್ತಿದ್ದವು. ಗಣಿಯೋ, ಮೂರು ಕಿಲೋಮೀಟರಿಗೂ ಮಿಕ್ಕ ಆಳದ್ದು. ಅವ್ವ ಒಲೆಯನ್ನೂ ಮರೆತು ಬಾಗಿಲಲ್ಲಿ ನಿಂತುಬಿಡುತ್ತಿದ್ದಳು, ಅಪ್ಪನ ತಲೆ ಕಾಣುವವರೆಗೆ.

ಅಪ್ಪನಿಗೆ ಕೆಮ್ಮು ಹತ್ತಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ರಾತ್ರಿ ನಾನು, "ಓದಕ್ಕಾಯ್ತಿಲ್ಲ, ಆಚೆ ಮಲಗಪ್ಪ" ಎಂದುಬಿಟ್ಟೆ. ಅವರು ಮರುಮಾತಾಡದೆ ಚಾಪೆ ಸುತ್ತಿಕೊಂಡು ಜಗಲಿಗೆ ನಡೆದರು. ನಾನು ಮೊದಲ ದರ್ಜೆಯಲ್ಲಿ ತೇರ್ಗಡೆಯಾದೆ. ಮೇಷ್ಟ್ರ ಕೆಲಸ ದೊರೆತದ್ದೂ ಆ ಅಂಕಪಟ್ಟಿಯಿಂದಲೇ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಷ್ಟರಲ್ಲಿ ಅಪ್ಪ ಹಂಗಳಕ್ಕೆ ಮರಳಿ ಬಹುಕಾಲವಾಗಿತ್ತು. ಪತ್ರಿಕೆಯ ಸುದ್ದಿಯನ್ನು ಓದಿ ಹೇಳಿದೆ. "ಹೂಂ" ಎಂದರು, ಅಷ್ಟೆ. ಮನೆಯಲ್ಲಿ ಆಗ ಮೂರು ಕೋಣೆಗಳಿದ್ದವು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಂಜು ಇಳಿದು ಬರುವ ಚಳಿಯಲ್ಲಿಯೂ ಅವರು ಕಡೆಯವರೆಗೆ ಮಲಗಿದ್ದು ಜಗಲಿಯಲ್ಲೇ.